ಮಠದ ಲೆಕ್ಕ ಕೇಳುವುದು ಅಪಚಾರವಲ್ಲ

ಮಠಕ್ಕೆ ಕೊಟ್ಟದ್ದರ ಲೆಕ್ಕ ಕೇಳಬಾರದು, ಕೇಳಿದರೆ ಕೊಟ್ಟ ಪುಣ್ಯವೂ ಕರಗಿಹೋಗುತ್ತದೆ ಎಂದು ಉಡುಪಿ, ಕಾಪು, ಕಾರ್ಕಳದ ಕಡೆಯ ಮನೆಗಳಲ್ಲಿ ಹಿರಿಯರು ಇಂದಿಗೂ ಹೇಳುತ್ತಾರೆ. ಕಾನೂನು ಬಲ್ಲೆವೆನ್ನುವವರು ಇದನ್ನೇ ಇನ್ನೊಂದು ರೀತಿಯಲ್ಲಿ ಹೇಳುತ್ತಾರೆ: ಮಠದ ಒಳಗಿನ ವ್ಯವಹಾರಕ್ಕೆ ಹೊರಗಿನವರು ತಲೆಹಾಕುವಂತಿಲ್ಲ, ಶಿರೂರು ಮಠದ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಹಾಗೆಂದು ತೀರ್ಪು ಕೊಟ್ಟಾಗಿದೆ. ಧಾರ್ಮಿಕ ಸಂಸ್ಥೆಗಳು ನಡೆಸುವ ಶಾಲೆ, ಕಾಲೇಜು, ವಿದ್ಯಾರ್ಥಿನಿಲಯಗಳ ಹಣಕಾಸಿನ ಬಗ್ಗೆ ಯಾರಾದರೂ ಬಾಯಿ ತೆರೆದರೆ ಸಾಕು, ಈ ಎರಡೂ ಮಾತು ಒಟ್ಟಿಗೆ ಎದ್ದು ನಿಲ್ಲುತ್ತವೆ. ಮೊದಲನೆಯದು ನಮ್ಮದೇ ಊರುಗಳ ನಡಾವಳಿಗೆ ಒಪ್ಪದ ಮಾತು. ಎರಡನೆಯದು ಆ ತೀರ್ಪನ್ನು ಓದದವರ ಮಾತು.

ಎರಡನೆಯದನ್ನೇ ಮೊದಲು ನೋಡೋಣ.

ಹಿರಿಯಡ್ಕದ ಬಳಿ, ಸ್ವರ್ಣಾ ನದಿಯ ದಡದಲ್ಲಿ ಶಿರೂರು ಎಂಬ ಹಳ್ಳಿಯಿದೆ. ಬೈಂದೂರಿನ ಕಡೆಯ ಶಿರೂರು ಬೇರೆ, ಇದು ಬೇರೆ. ಉಡುಪಿಯ ಅಷ್ಟಮಠಗಳಲ್ಲೊಂದಾದ ಶಿರೂರು ಮಠದ ಮೂಲಮಠ ಇಲ್ಲಿದೆ. ದೇಶದ ಯಾವ ಕಾನೂನು ಕಾಲೇಜಿನಲ್ಲಿ ಕೇಳಿದರೂ ಈ ಹಳ್ಳಿಯ ಹೆಸರು ಗೊತ್ತಿರುತ್ತದೆ, ಏಕೆಂದರೆ ಸಂವಿಧಾನದ 25 ಮತ್ತು 26ನೇ ವಿಧಿಗಳ ಪಾಠ ಇದರ ಹೆಸರಿನಿಂದಲೇ ಶುರುವಾಗುತ್ತದೆ. ಆದರೆ ಆ ಪ್ರಕರಣ ಹುಟ್ಟಿದ್ದು ಪೂಜೆಯ ವಿಧಿಯ ಮೇಲಿನ ವಾದದಿಂದಲ್ಲ. ಅದು ಹುಟ್ಟಿದ್ದು ಸಾಲದಿಂದ.

ಶ್ರೀ ಲಕ್ಷ್ಮೀಂದ್ರತೀರ್ಥರು 1919ರಲ್ಲಿ ಪೀಠವೇರಿದಾಗ ಇನ್ನೂ ಪ್ರಾಯಕ್ಕೆ ಬಂದಿರಲಿಲ್ಲ. 1926ರ ಸುಮಾರಿಗೆ ಆಡಳಿತ ಅವರ ಕೈಗೆ ಬಂದಾಗ ಮಠ ದೊಡ್ಡ ಸಾಲದಲ್ಲಿತ್ತು. ನಾಲ್ಕೈದು ವರ್ಷಗಳಲ್ಲಿ ಅವರು ಅದರ ಬಹುಭಾಗವನ್ನು ತೀರಿಸಿದರು. ಅಷ್ಟರಲ್ಲಿ ಪರ್ಯಾಯದ ಸರದಿ ಬಂತು. ಕೃಷ್ಣಮಠದ ಎರಡು ವರ್ಷದ ಪೂಜೆ, ಬಂದವರಿಗೆಲ್ಲ ಊಟ, ಉತ್ಸವಗಳು, ಮತ್ತೆ ಸಾಲ. ಅದೂ ಮೆಲ್ಲಗೆ ಇಳಿಯುತ್ತಿದ್ದಾಗ 1946ರಲ್ಲಿ ಎರಡನೆಯ ಪರ್ಯಾಯ ಬಂತು. ಯುದ್ಧ ಮುಗಿದಿತ್ತು, ಧಾನ್ಯದ ಅಭಾವ ಮುಗಿದಿರಲಿಲ್ಲ. ಬೆಲೆಗಳು ಏರಿ ಕುಳಿತಿದ್ದವು. ಸಾಲ ಒಂದು ಲಕ್ಷ ರೂಪಾಯಿಯ ಹತ್ತಿರಕ್ಕೆ ಹೋಯಿತು. ಆ ಕಾಲದ ಒಂದು ಲಕ್ಷ.

ಇದರಲ್ಲಿ ಕಳ್ಳತನದ ಮಾತಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಯಾರೂ ಮಠದ ಹಣವನ್ನು ಮನೆಗೆ ಸಾಗಿಸಲಿಲ್ಲ. ಸಂಪ್ರದಾಯ ಬಿಡಬಾರದೆಂಬ ನಿಷ್ಠೆಯಿಂದಲೇ, ಅನ್ನಸಂತರ್ಪಣೆ ನಿಲ್ಲಬಾರದೆಂಬ ಹಟದಿಂದಲೇ ಒಂದು ಪುರಾತನ ಸಂಸ್ಥೆ ಮುಳುಗುವ ಹಂತಕ್ಕೆ ಬಂದಿತ್ತು. ಧಾರ್ಮಿಕ ಸಂಸ್ಥೆ ಹಾಳಾಗುವುದು ದುಷ್ಟರು ಒಳಹೊಕ್ಕಾಗ ಮಾತ್ರ ಎಂದು ನಂಬಿದವರಿಗೆ ಶಿರೂರಿನ ಈ ಕಥೆ ಅರ್ಥವಾಗುವುದಿಲ್ಲ. ಗುರುಗಳು ಪ್ರಾಮಾಣಿಕರು, ಆದ್ದರಿಂದ ಲೆಕ್ಕ ಬೇಡ ಎನ್ನುವುದು ತಪ್ಪು ತರ್ಕ. ಪ್ರಾಮಾಣಿಕರಾಗಿದ್ದರೂ ಸಾಲ ಏರುತ್ತದೆ. ಎಷ್ಟು ಏರಿದೆಯೆಂದು ಹೇಳುವ ಪುಸ್ತಕ ಬೇಕೇ ಬೇಕು.

ಮುಂದಿನದು ಇನ್ನೂ ಮುಖ್ಯ. ಆಗ ನಮ್ಮ ಜಿಲ್ಲೆ ಮದ್ರಾಸ್ ಪ್ರಾಂತದಲ್ಲಿತ್ತು. ಅಲ್ಲಿನ ಹಿಂದೂ ಧಾರ್ಮಿಕ ದತ್ತಿ ಮಂಡಳಿ ಮಧ್ಯೆ ಬಂದು, ಆಡಳಿತಕ್ಕೆ ಸಮರ್ಥ ಮ್ಯಾನೇಜರೊಬ್ಬರನ್ನು ನೇಮಿಸಿ ಎಂದು ಸ್ವಾಮಿಗಳಿಗೆ ಸೂಚಿಸಿತು. 1948ರ ಡಿಸೆಂಬರ್ 24ರಂದು ಒಬ್ಬರ ಹೆಸರಿಗೆ ಮುಖ್ತ್ಯಾರುನಾಮೆ ಆಯಿತು. ಆದರೆ ಆ ಏಜೆಂಟರು ಮನಸ್ಸಿಗೆ ಬಂದಂತೆ ನಡೆದರು, ತಮಗೆ ಲೆಕ್ಕವನ್ನೇ ಒಪ್ಪಿಸಲಿಲ್ಲ ಎಂಬುದು ಸ್ವಾಮಿಗಳ ದೂರು. 1950ರ ಸೆಪ್ಟೆಂಬರ್ 26ರಂದು ಅವರು ಮುಖ್ತ್ಯಾರುನಾಮೆ ರದ್ದುಮಾಡಿ ನೋಟಿಸು ಕೊಟ್ಟರು: ಲೆಕ್ಕದ ಪುಸ್ತಕ, ವೋಚರುಗಳು, ಕೈಯಲ್ಲಿರುವ ನಗದು, ಎಲ್ಲವನ್ನೂ ಒಪ್ಪಿಸಿ. ಒಪ್ಪಿಸದಿದ್ದಾಗ ಅಕ್ಟೋಬರ್ 4ರಂದು ದಕ್ಷಿಣ ಕನ್ನಡದ ಸಬ್ ಕೋರ್ಟಿನಲ್ಲಿ ದಾವೆ ಹೂಡಿದರು.

ಅಂದರೆ, ಮಠಗಳ ಸ್ವಾತಂತ್ರ್ಯದ ಮಹಾಪ್ರಕರಣವೆಂದು ಇಡೀ ದೇಶ ಓದುವ ಈ ವ್ಯಾಜ್ಯದಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತಿ ಮೊದಲು ಲೆಕ್ಕ ಕೇಳಿದವರು ಸ್ವತಃ ಮಠಾಧಿಪತಿಗಳು. ಮಠದ ಹಣಕ್ಕೆ ಲೆಕ್ಕ ಬೇಡ ಎಂದು ಅವರು ಎಲ್ಲಿಯೂ ಹೇಳಲಿಲ್ಲ. ಮಂಡಳಿ ಆಮೇಲೆ ಶುರುಮಾಡಿದ ವಿಚಾರಣೆಗೆ, ಲೆಕ್ಕದ ಪುಸ್ತಕ ತಮ್ಮ ಕೈಯಲ್ಲಿಲ್ಲದೆ ಆಕ್ಷೇಪಣೆ ಬರೆಯಲೂ ಆಗುತ್ತಿಲ್ಲ ಎಂದು ಅವರು ಮಂಡಳಿಯ ಮುಂದೆಯೇ ಅರ್ಜಿ ಹಾಕಿದ್ದರು. ಇಂದು ಅವರದೇ ಪ್ರಕರಣದ ಹೆಸರು ಹೇಳಿ ಲೆಕ್ಕ ಕೇಳುವವರ ಬಾಯಿ ಮುಚ್ಚಿಸುವುದು ಆ ಹಿರಿಯ ಯತಿಗೆ ಮಾಡುವ ಅನ್ಯಾಯ.

ಮಂಡಳಿ ನಡೆದುಕೊಂಡ ರೀತಿಯೂ ಸರಿಯಿರಲಿಲ್ಲ. ದಾವೆ ಕೋರ್ಟಿನಲ್ಲಿರುವಾಗಲೇ ಅದು ಮಠಕ್ಕೆ ಹೊಸ ಆಡಳಿತ ಯೋಜನೆ ಹೇರಲು ಹೊರಟಿತು. ಸ್ವಾಮಿಗಳ ವಕೀಲರು ಕಾಯಿಲೆ ಬಿದ್ದಿದ್ದಾರೆ, ಇನ್ನೊಂದು ದಿನಾಂಕ ಕೊಡಿ ಎಂದು ತಂತಿ ಹೋದರೂ ಕೊಡಲಿಲ್ಲ, ವಿಚಾರಣೆ ಮುಗಿಸಿಬಿಟ್ಟಿತು. 1951ರ ಫೆಬ್ರವರಿಯಲ್ಲಿ ಸ್ವಾಮಿಗಳು ಮದ್ರಾಸ್ ಹೈಕೋರ್ಟಿಗೆ ಹೋದರು, ಗೆದ್ದರು. 1954ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠವೂ, ನ್ಯಾಯಮೂರ್ತಿ ಬಿ.ಕೆ. ಮುಖರ್ಜಿಯಾ ಬರೆದ ತೀರ್ಪಿನಲ್ಲಿ, ಸರ್ಕಾರದ ಮೇಲ್ಮನವಿಯನ್ನು ವಜಾ ಮಾಡಿತು. ಮದ್ರಾಸಿನ ದತ್ತಿ ಕಾಯ್ದೆಯಲ್ಲಿ ಅಧಿಕಾರಿಗಳು ಗರ್ಭಗುಡಿಯವರೆಗೂ ಎಲ್ಲೆಂದರಲ್ಲಿ ನುಗ್ಗಬಹುದೆಂಬ ಕಲಂ ಬಿತ್ತು. ಮ್ಯಾನೇಜರ್ ನೇಮಿಸೆಂದು ಕಟ್ಟಪ್ಪಣೆ ಮಾಡುವ ಕಲಂ ಬಿತ್ತು. ಸಂಸ್ಥೆಯ ವರಮಾನದಿಂದ ಸರ್ಕಾರಕ್ಕೆ ಕಡ್ಡಾಯ ವಂತಿಗೆ ಕಟ್ಟಬೇಕೆಂಬ ಕಲಂ, ಅದು ಶುಲ್ಕವಲ್ಲ, ತೆರಿಗೆ ಎಂಬ ಕಾರಣಕ್ಕೆ ಬಿತ್ತು. ಬಿದ್ದದ್ದೆಲ್ಲ ಬೀಳಬೇಕಾದದ್ದೇ. ಯಾವ ಪೂಜೆ, ಯಾವ ಹೊತ್ತಿಗೆ, ಯಾವ ನೈವೇದ್ಯ ಎಂಬುದನ್ನು ಕಮಿಷನರು ಹೇಳಲಾಗದು; ಅದನ್ನು ಆ ಸಂಪ್ರದಾಯವೇ ಹೇಳಬೇಕು. ಈ ಭಾಗ ಎಲ್ಲರಿಗೂ ಬಾಯಿಪಾಠ.

ಯಾರೂ ಬಾಯಿಗೆ ತಾರದ ಭಾಗ ಬೇರೆಯಿದೆ. ಅದೇ ತೀರ್ಪು, ಅದೇ ಉಸಿರಿನಲ್ಲಿ, ಆಚರಣೆಗೆ ಎಷ್ಟು ಖರ್ಚು ಮಾಡಬೇಕೆಂಬುದು ಆಸ್ತಿಯ ಆಡಳಿತದ ವಿಷಯ ಎನ್ನುತ್ತದೆ. ಅದನ್ನು ಕಾನೂನಿನ ಪ್ರಕಾರ ಲೌಕಿಕ ಅಧಿಕಾರ ಹತೋಟಿಯಲ್ಲಿಡಬಹುದು. ವಿಧಿ-ಉತ್ಸವಗಳಿಗೆ ದುಂದುವೆಚ್ಚ ಮಾಡಿ ಸಂಸ್ಥೆಯನ್ನೂ ಅದರ ದತ್ತಿಯನ್ನೂ ನಾಶಮಾಡು ಎಂದು ಯಾವ ಧರ್ಮವೂ ವಿಧಿಸಿರಲಾರದು ಎಂಬುದು ನ್ಯಾಯಾಲಯ ಕೊಟ್ಟ ಕಾರಣ. ಸಾರ್ವಜನಿಕ ಸಂಸ್ಥೆಗಳಿಗೆಲ್ಲ ಬಜೆಟ್ ಅನಿವಾರ್ಯ, ಧಾರ್ಮಿಕ ಸಂಸ್ಥೆಯ ಬಜೆಟ್ ಮೇಲ್ವಿಚಾರಣೆಯಲ್ಲಿ ತಯಾರಾದರೆ ಅದರಲ್ಲಿ ಅನ್ಯಾಯವೇನಿಲ್ಲ ಎಂದೂ ಹೇಳಿತು. ಸಾಮಾನ್ಯ ವಿವೇಕದ ಮನುಷ್ಯ ತನ್ನ ಸ್ವಂತ ಹಣವನ್ನು ಎಷ್ಟು ಜತನದಿಂದ ನೋಡಿಕೊಳ್ಳುತ್ತಾನೋ ಅಷ್ಟು ಜತನದಿಂದ ಧರ್ಮದ ಹಣವನ್ನು ನೋಡಿಕೊಳ್ಳಬೇಕೆಂಬ ನಿಯಮವನ್ನೂ ಎತ್ತಿಹಿಡಿಯಿತು. ಸಂವಿಧಾನದ 26ನೇ ವಿಧಿಯಲ್ಲೇ ಈ ಗೆರೆಯಿದೆ: ಧರ್ಮದ ವಿಷಯದಲ್ಲಿ ತಮ್ಮ ವ್ಯವಹಾರ ನಡೆಸುವ ಹಕ್ಕು ಒಂದು ಕಡೆ, ಆಸ್ತಿಯನ್ನು ಕಾನೂನಿಗೆ ಅನುಗುಣವಾಗಿ ನಿರ್ವಹಿಸುವ ಹಕ್ಕು ಇನ್ನೊಂದು ಕಡೆ. ಶಿರೂರು ಮಠದ ತೀರ್ಪು ಪೂಜೆಗೆ ಸ್ವಾತಂತ್ರ್ಯ ಕೊಟ್ಟಿತು, ಪೆಟ್ಟಿಗೆಗೆ ಕೊಡಲಿಲ್ಲ.

ಒಂದು ಕಡೆ ಮಾತ್ರ ಆ ತೀರ್ಪು ತೊಡಕಿನ ಜಾಗವನ್ನು ಹಾಗೇ ಬಿಟ್ಟಿತು ಎಂಬುದು ನನ್ನ ಅಭಿಪ್ರಾಯ. ಅದು ಪಾದಕಾಣಿಕೆ. ಗುರುಗಳ ಪಾದಕ್ಕೆ ಶಿಷ್ಯ ಅರ್ಪಿಸುವ ಕಾಣಿಕೆ ಗುರುಗಳದೇ, ಅದನ್ನು ಮಠದ ಕೆಲಸಕ್ಕೇ ಬಳಸಬೇಕೆಂದು ಕಾಯ್ದೆ ಕಟ್ಟುಹಾಕಬಾರದು ಎಂದು ನ್ಯಾಯಾಲಯ ಹೇಳಿತು. ಸಂಪ್ರದಾಯದ ದೃಷ್ಟಿಯಿಂದ ಇದು ಸರಿಯೇ. ಆದರೆ ಇದರಿಂದಾಗಿ ಒಂದೇ ಪೀಠದ ಸುತ್ತ ಮೂರು ಗಂಟುಗಳಾದವು: ಸ್ವಾಮಿಗಳ ಪಾದಕಾಣಿಕೆ, ಮಠದ ಆಸ್ತಿಯ ವರಮಾನ, ಮಠದ ಹೆಸರಿನ ವಿದ್ಯಾಸಂಸ್ಥೆಯ ಹಣ. ಭಕ್ತನೊಬ್ಬ ಹರಿವಾಣಕ್ಕೆ ಐನೂರು ರೂಪಾಯಿ ಹಾಕಿದರೆ ಅದು ಈ ಮೂರರಲ್ಲಿ ಯಾವುದಕ್ಕೆ ಹೋಯಿತು? ಅವನಿಗೆ ಗೊತ್ತಿಲ್ಲ. ಎಷ್ಟೋ ಸಲ ಎಣಿಸಿಕೊಳ್ಳುವವರಿಗೂ ಗೊತ್ತಿರುವುದಿಲ್ಲ. ಶಾಲೆಯ ಶುಲ್ಕದಿಂದ ಉತ್ಸವ, ಉತ್ಸವದ ದೇಣಿಗೆಯಿಂದ ಕಟ್ಟಡ, ಕಟ್ಟಡದ ಹೆಸರಿನ ಸಾಲದಿಂದ ಹಳೆಯ ಸಾಲದ ಬಡ್ಡಿ. ಹಣ ಗಂಟಿನಿಂದ ಗಂಟಿಗೆ ಹೀಗೆ ಬರಹವಿಲ್ಲದೆ ಹಾರಲು ಶುರುವಾದಾಗಲೇ ಸಂಸ್ಥೆಯ ಅವನತಿ ಶುರುವಾಯಿತೆಂದು ತಿಳಿಯಬೇಕು. ಅಪರಾಧ ಆಮೇಲೆ ಬರುತ್ತದೆ. ಬರಹವಿಲ್ಲದ ಕಡೆ ಅದು ಬಂದದ್ದು ಯಾರಿಗೂ ಕಾಣುವುದೂ ಇಲ್ಲ.

ಈಗ ಹಿರಿಯರ ಮಾತಿಗೆ ಬರುತ್ತೇನೆ. ಲೆಕ್ಕ ಕೇಳುವುದು ನಮ್ಮ ಪದ್ಧತಿಯಲ್ಲ ಎನ್ನುವವರು ಪರ್ಯಾಯದ ಸಿದ್ಧತೆಯನ್ನೇ ನೋಡಲಿ. ವರ್ಷಕ್ಕೂ ಮೊದಲೇ ಬಾಳೆ ಮುಹೂರ್ತ. ಎರಡು ವರ್ಷ ಎಲೆ ಹಾಕಬೇಕಲ್ಲ, ಬಾಳೆ ಇಂದೇ ನೆಡಬೇಕು. ಆಮೇಲೆ ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಕೊನೆಗೆ ಭತ್ತ ಮುಹೂರ್ತ. ಕಟ್ಟಿಗೆಯನ್ನು ರಥದ ಆಕಾರದಲ್ಲಿ ಒಟ್ಟಿಡುವುದನ್ನು ನೋಡಲು ಜನ ಬರುತ್ತಾರೆ, ಫೋಟೊ ತೆಗೆದುಕೊಂಡು ಹೋಗುತ್ತಾರೆ. ಆದರೆ ಆ ರಥ ಅಲಂಕಾರಕ್ಕೆ ಹುಟ್ಟಿದ್ದಲ್ಲ. ಎರಡು ವರ್ಷದ ಒಲೆಗೆ ಎಷ್ಟು ಸೌದೆ ಬೇಕೆಂದು ಮೊದಲೇ ಎಣಿಸಿದವರ ಕೆಲಸ ಅದು. ವಾದಿರಾಜರು ಹದಿನಾರನೇ ಶತಮಾನದಲ್ಲಿ ಪರ್ಯಾಯವನ್ನು ಎರಡು ತಿಂಗಳಿಂದ ಎರಡು ವರ್ಷಕ್ಕೆ ವಿಸ್ತರಿಸಿದ ಮೇಲೆ ಇಂಥ ಎಣಿಕೆ ಇಲ್ಲದೆ ಒಂದು ತಿಂಗಳೂ ನಡೆಯುವಂತಿರಲಿಲ್ಲ. ಮುಂದಾಲೋಚನೆ, ದಾಸ್ತಾನು, ಲೆಕ್ಕ, ಇವೆಲ್ಲ ಉಡುಪಿಯ ಸಂಪ್ರದಾಯದ ಒಳಗೇ ಇವೆ. ಹೊರಗಿನಿಂದ ತರಬೇಕಾಗಿಲ್ಲ.

ಇನ್ನೂ ಕೆಳಗಿಳಿದು ಹಳ್ಳಿಯ ಗಣೇಶೋತ್ಸವ ಸಮಿತಿಯನ್ನೋ ಭಜನಾ ಮಂದಿರವನ್ನೋ ನೋಡಿ. ಉತ್ಸವ ಮುಗಿದ ಮೇಲೆ ಒಂದು ಭಾನುವಾರ ಮಹಾಸಭೆ. ಕೋಶಾಧಿಕಾರಿ ಎದ್ದು ನಿಂತು ಓದುತ್ತಾರೆ: ಶಾಮಿಯಾನ ಇಷ್ಟು, ಮೈಕಿನವರಿಗೆ ಇಷ್ಟು, ಹೂವು ಇಷ್ಟು, ಅಡಿಗೆಯವರಿಗೆ ಇಷ್ಟು, ಉಳಿದ ಅಕ್ಕಿಯನ್ನು ಮಾರಿ ಬಂದದ್ದು ಇಷ್ಟು. ಮೂಲೆಯಲ್ಲಿ ಕುಳಿತ ಒಬ್ಬರು, ಕಳೆದ ವರ್ಷಕ್ಕಿಂತ ಗ್ಯಾಸ್ ಸಿಲಿಂಡರು ಎರಡು ಹೆಚ್ಚು ಹೋದದ್ದು ಯಾಕೆ ಎಂದು ಕೇಳುತ್ತಾರೆ. ಕೋಶಾಧಿಕಾರಿ ಚೀಟಿ ಹುಡುಕಿ ಉತ್ತರ ಕೊಡುತ್ತಾರೆ. ಕೇಳಿದವರನ್ನು ಯಾರೂ ನಾಸ್ತಿಕರೆನ್ನುವುದಿಲ್ಲ. ಲೆಕ್ಕಪತ್ರ ಮಂಡನೆ, ಅಂಗೀಕಾರ, ಕೊನೆಗೆ ಚಾ. ಬ್ರಹ್ಮಕಲಶೋತ್ಸವದ ಸಮಿತಿಗಳೂ ಹೀಗೆಯೇ. ಹೊರೆಕಾಣಿಕೆಯ ಲಾರಿ ಬಂದಾಗ ಯಾವ ಊರಿನಿಂದ ಎಷ್ಟು ಅಕ್ಕಿ, ಎಷ್ಟು ತೆಂಗಿನಕಾಯಿ, ಎಷ್ಟು ಸೌತೆ ಎಂದು ಬರೆದುಕೊಳ್ಳುವ ಒಬ್ಬರು ಉಗ್ರಾಣದ ಬಾಗಿಲಲ್ಲಿ ಇದ್ದೇ ಇರುತ್ತಾರೆ. ಒಂದು ಚೀಲ ಸೌತೆಕಾಯಿಗೆ ಲೆಕ್ಕವಿರುವ ಊರಿನಲ್ಲಿ ಕೋಟಿ ರೂಪಾಯಿಯ ವಿದ್ಯಾಸಂಸ್ಥೆಗೆ ಲೆಕ್ಕ ಕೇಳುವುದು ಅಪಚಾರ ಹೇಗಾಗುತ್ತದೆ?

ಕೋಟಿಯ ಮಾತು ಯಾಕೆ ಬಂತೆಂದು ಹೇಳಬೇಕು. 1974ರ ಮೊದಲು ಮಠಗಳ ಆಧಾರ ಗೇಣಿ ಅಕ್ಕಿ. ಭೂಸುಧಾರಣೆ ಕಾಯ್ದೆಯ ತಿದ್ದುಪಡಿ ಬಂದು ಗೇಣಿದಾರರು ಭೂಮಿಯ ಒಡೆಯರಾದರು. ಆಗಬೇಕಾದ ನ್ಯಾಯವೇ ಅದು. ಕಣಜಕ್ಕೆ ಬರುತ್ತಿದ್ದ ಅಕ್ಕಿ ನಿಂತ ಮೇಲೆ ಮಠಗಳು ಉಳಿದದ್ದು ಭಕ್ತರ ನಗದಿನಿಂದ ಮತ್ತು ಸಂಸ್ಥೆಗಳಿಂದ. ವಿದ್ಯೆ ಕೊಡುವುದು ಮಠಗಳಿಗೆ ಹೊಸದಲ್ಲ. ಉಡುಪಿಯ ಸಂಸ್ಕೃತ ಕಾಲೇಜು 1904ರದ್ದು, ಅದಮಾರು ಮಠದ ಪೂರ್ಣಪ್ರಜ್ಞ ಕಾಲೇಜು 1960ರದ್ದು. ಇವು ಈ ಜಿಲ್ಲೆಯ ಎಷ್ಟೋ ಬಡ ಮನೆಗಳಿಗೆ ಬೆಳಕು ಕೊಟ್ಟಿವೆ. ನಾನು ಈ ಲೇಖನ ಬರೆಯುತ್ತಿರುವುದು ಅಂಥ ಸಂಸ್ಥೆಗಳು ಉಳಿಯಲಿ ಎಂದೇ. ಆದರೆ ರಾಜ್ಯದಾದ್ಯಂತ ನೋಡಿದರೆ, ಗೇಣಿ ಅಕ್ಕಿಯ ಕಾಲದ ಆಡಳಿತ ಶೈಲಿಯೇ ಎಂಜಿನಿಯರಿಂಗ್ ಕಾಲೇಜಿನ ಕಾಲದಲ್ಲೂ ಮುಂದುವರಿದಿರುವ ಕಡೆಗಳು ಬಹಳ. ಹತ್ತಿರದ ನಾಲ್ಕು ಜನ ಟ್ರಸ್ಟಿಗಳು. ಅವರಲ್ಲಿ ಇಬ್ಬರು ನೆಂಟರು. ಗುರುಗಳ ಮಾತೇ ನಿರ್ಣಯ. ನಿರ್ಣಯಕ್ಕೆ ದಾಖಲೆ ಆಮೇಲೆ.

ಹಿರಿಯಡ್ಕದಿಂದ ಮಣಿಪಾಲದ ಗುಡ್ಡ ದೂರವಿಲ್ಲ. ಶಿರೂರಿನ ತೀರ್ಪಿನಷ್ಟೇ ದೊಡ್ಡ ಇನ್ನೊಂದು ತೀರ್ಪು ಆ ಗುಡ್ಡದಿಂದ ಬಂತು: ಟಿ.ಎಂ.ಎ. ಪೈ ಫೌಂಡೇಶನ್ ಪ್ರಕರಣ, 2002, ಹನ್ನೊಂದು ನ್ಯಾಯಮೂರ್ತಿಗಳ ಪೀಠ. ಖಾಸಗಿ ವಿದ್ಯಾಸಂಸ್ಥೆಗಳಿಗೆ ಅದು ದೊಡ್ಡ ಸ್ವಾತಂತ್ರ್ಯ ಕೊಟ್ಟಿತು. ಜೊತೆಗೇ ಸಂಸ್ಥೆಯ ಬೆಳವಣಿಗೆಗೆ ಬೇಕಾದಷ್ಟು ಮಿಗತೆ ಇರಬಹುದು, ಲಾಭಕೋರತನ ಕೂಡದು, ಕ್ಯಾಪಿಟೇಶನ್ ಕೂಡದು ಎಂದು ಗೆರೆ ಎಳೆಯಿತು. ಅಲ್ಪಸಂಖ್ಯಾತರ ಸಂಸ್ಥೆಗಳ ವಿಷಯದಲ್ಲಂತೂ ನಡೆಸುವ ಹಕ್ಕಿನೊಳಗೆ ಕೆಡಿಸುವ ಹಕ್ಕು ಸೇರಿಲ್ಲ ಎಂದು 1958ರ ಕೇರಳ ಶಿಕ್ಷಣ ಮಸೂದೆಯ ಅಭಿಪ್ರಾಯದಲ್ಲೇ ಸುಪ್ರೀಂ ಕೋರ್ಟು ಹೇಳಿತ್ತು. ಮಿಗತೆ ಎಷ್ಟು, ಲಾಭಕೋರತನ ಎಷ್ಟು ಎಂದು ಲೆಕ್ಕ ನೋಡದೆ ತಿಳಿಯುವ ದಾರಿ ಯಾವುದು? ಕ್ಯಾಪಿಟೇಶನ್ ನಿಷೇಧಿಸುವ ಕರ್ನಾಟಕದ ಕಾಯ್ದೆ 1984ರಿಂದ ಇದೆ. ಆದರೂ ಪಿಯುಸಿ ಫಲಿತಾಂಶದ ವಾರದಲ್ಲಿ ‘ಕಟ್ಟಡ ನಿಧಿ’ ಎಂಬ ಹೆಸರಿನಲ್ಲಿ ನಗದು ಕೈಬದಲಾಗುವುದು, ಅದಕ್ಕೆ ರಶೀದಿ ಸಿಗದಿರುವುದು ಮಕ್ಕಳನ್ನು ಓದಿಸಿದ ಎಷ್ಟೋ ಮನೆಗಳಿಗೆ ಗೊತ್ತಿರುವ ಸಂಗತಿ. ಶಿಕ್ಷಕರ ಖಾತೆಗೆ ಪೂರ್ತಿ ಸಂಬಳ ಜಮಾ ಮಾಡಿ, ಒಂದು ಪಾಲನ್ನು ನಗದಾಗಿ ಹಿಂದಕ್ಕೆ ಪಡೆಯುವ ಖಾಸಗಿ ಶಾಲೆಗಳ ಪದ್ಧತಿಯೂ ಹೊಸ ಸುದ್ದಿಯಲ್ಲ. ದೇವರ ಹೆಸರಿನ ಬೋರ್ಡು ಇರುವ ಕಡೆ ಇಂಥದ್ದು ನಡೆದರೆ ಅದು ಎರಡು ಪಟ್ಟು ಪಾಪ. ಅಲ್ಲಿ ಪಾಠ ಹೇಳುವ ಶಿಕ್ಷಕಿ ತಾನು ಸಹಿ ಹಾಕಿದ ಸಂಬಳದ ಪಟ್ಟಿ ಸುಳ್ಳೆಂದು ತಿಳಿದೇ ಮಕ್ಕಳ ಮುಂದೆ ನಿಲ್ಲಬೇಕಾಗುತ್ತದೆ.

ನಂಬಿಕೆಯೇ ದೊಡ್ಡ ಜಾಮೀನು ಎನ್ನುವವರು ಬೆಂಗಳೂರಿನತ್ತ ನೋಡಬೇಕು. 2020ರ ಜನವರಿಯಲ್ಲಿ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧ ಹೇರಿತು. ಠೇವಣಿದಾರರು 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲವೆಂದಾಯಿತು. ಅದು ಬ್ಯಾಂಕು, ಮಠವಲ್ಲ. ಮಂತ್ರಾಲಯಕ್ಕೂ ಅದಕ್ಕೂ ಸಂಬಂಧವಿರಲಿಲ್ಲ. ಆದರೆ ನಿವೃತ್ತಿಯ ಹಣವನ್ನೆಲ್ಲ ಅಲ್ಲಿಟ್ಟ ಎಷ್ಟೋ ಹಿರಿಯರಿಗೆ ರಾಯರ ಹೆಸರೇ ಭರವಸೆಯಾಗಿತ್ತು. ಅದರ ಹಿಂದಿನ ವರ್ಷ, 2019ರ ಜೂನ್‌ನಲ್ಲಿ, ಐ ಮಾನಿಟರಿ ಅಡ್ವೈಸರಿ (ಐಎಂಎ) ಎಂಬ ಕಂಪನಿಯ ಮನ್ಸೂರ್ ಖಾನ್ ದುಬೈಗೆ ಓಡಿಹೋದ. ಬಡ್ಡಿಯಿಲ್ಲದ, ಧರ್ಮಕ್ಕೆ ಒಪ್ಪುವ ಹೂಡಿಕೆ ಎಂದು ನಂಬಿ ಹಣ ಹಾಕಿದ ಸಾವಿರಾರು ಮುಸ್ಲಿಂ ಕುಟುಂಬಗಳು ಶಿವಾಜಿನಗರದ ರಸ್ತೆಯಲ್ಲಿ ದೂರು ಬರೆಯಿಸಲು ಸಾಲು ನಿಂತವು. ಅದೇ ಕಂಪನಿ ಅದೇ ಶಿವಾಜಿನಗರದಲ್ಲಿ ಒಂದು ಸರ್ಕಾರಿ ಶಾಲೆಯನ್ನು ದತ್ತು ತೆಗೆದುಕೊಂಡು ಚಂದ ಮಾಡಿತ್ತು, ಶಿಕ್ಷಕರನ್ನು ಇಟ್ಟಿತ್ತು. ಆ ಶಾಲೆಯನ್ನು ನೋಡಿಯೇ ಕಂಪನಿಯನ್ನು ನಂಬಿದವರಿದ್ದರು. ಕಂಪನಿ ಮುಳುಗಿದಾಗ ಆ ಶಿಕ್ಷಕರ ಸಂಬಳವೂ ಮುಳುಗಿತು. ಧರ್ಮ ಮತ್ತು ವಿದ್ಯೆ, ಎರಡೂ ಸೇರಿದ ಕಡೆ ಜನ ಪ್ರಶ್ನೆ ಕೇಳುವುದಿಲ್ಲ. ಮೋಸ ಮಾಡಲು ಹೊರಟವನಿಗೆ ಇದು ಚೆನ್ನಾಗಿ ಗೊತ್ತು.

ಇದಕ್ಕೆ ಬರುವ ಅತ್ಯಂತ ಗಟ್ಟಿಯಾದ ಉತ್ತರ ಸರ್ಕಾರದ ಬಗ್ಗೆ. ‘ಲೆಕ್ಕ ಎಂದು ಶುರುಮಾಡಿ ಕೊನೆಗೆ ಮಠವನ್ನೇ ಮುಜರಾಯಿಗೆ ಸೇರಿಸುತ್ತಾರೆ. ದೇವಸ್ಥಾನಗಳ ಗತಿ ಏನಾಯಿತು ನೋಡಿ’ ಎನ್ನುತ್ತಾರೆ. ಈ ಭಯಕ್ಕೆ ಆಧಾರವಿಲ್ಲವೆಂದು ನಾನು ಹೇಳುವುದಿಲ್ಲ. ಮುಜರಾಯಿ ದೇವಸ್ಥಾನಗಳ 1997ರ ರಾಜ್ಯ ಕಾಯ್ದೆ ಮಠಗಳನ್ನು ಹೊರಗಿಟ್ಟಿದೆ. 2014ರಲ್ಲಿ ಅವನ್ನೂ ಒಳತರುವ ಮಸೂದೆ ಬಂತು, ವಿರೋಧ ಎದ್ದು ಮುಂದುವರಿಯಲಿಲ್ಲ. 2018ರ ಫೆಬ್ರವರಿಯಲ್ಲಿ ಅದೇ ವಿಷಯದ ಮೇಲೆ ಸಾರ್ವಜನಿಕರ ಅಭಿಪ್ರಾಯ ಕೇಳುವ ಪ್ರಕಟಣೆ ಹೊರಟಿತು, ಕೆಲವೇ ದಿನಗಳಲ್ಲಿ ಹಿಂದಕ್ಕೆ ಹೋಯಿತು. ಮಠಗಳನ್ನು ಸರ್ಕಾರ ನುಂಗುವುದು ಬೇಡವೇ ಬೇಡ. ಅಧಿಕಾರಿ ಬಂದು ಕುಳಿತ ಕಡೆ ಲೆಕ್ಕ ಶುದ್ಧವಾಗುತ್ತದೆಂಬ ಭ್ರಮೆಯೂ ನನಗಿಲ್ಲ. ಐಎಂಎ ಪ್ರಕರಣದಲ್ಲೇ ಲಂಚದ ಆರೋಪದ ಮೇಲೆ ಕಂದಾಯ ಅಧಿಕಾರಿಗಳ ಬಂಧನವಾಗಿತ್ತು. ಆದರೆ ಲೆಕ್ಕವನ್ನು ಸರ್ಕಾರಕ್ಕೆ ಒಪ್ಪಿಸುವುದು ಬೇರೆ, ಭಕ್ತರ ಮುಂದೆ ಇಡುವುದು ಬೇರೆ. ನಾನು ಕೇಳುತ್ತಿರುವುದು ಎರಡನೆಯದನ್ನು.

ಅದೂ ಅಲ್ಲದೆ, ಸರ್ಕಾರ ದೂರವಿರಲಿ ಎನ್ನುವವರು ಸರ್ಕಾರದ ಹಣವನ್ನು ದೂರವಿಟ್ಟಿಲ್ಲ. 2008ರಿಂದೀಚೆಗೆ ರಾಜ್ಯದ ಬಜೆಟ್ಟುಗಳಲ್ಲಿ ಮಠಗಳಿಗೆ ಅನುದಾನ ಕೊಡುವುದು ರೂಢಿಯಾಗಿದೆ. 2022ರ ಏಪ್ರಿಲ್‌ನಲ್ಲಿ, ಸ್ವತಃ ಮಠಾಧಿಪತಿಯಾದ ದಿಂಗಾಲೇಶ್ವರ ಸ್ವಾಮಿಗಳೇ ಬಹಿರಂಗವಾಗಿ ಹೇಳಿದರು: ಮಠಕ್ಕೆ ಅನುದಾನ ಬಿಡುಗಡೆಯಾಗಬೇಕಾದರೆ ಶೇಕಡಾ 30 ಕಮಿಷನ್ ಕೊಡಬೇಕಾಗಿದೆ. ಆರೋಪ ನಿಜವೇ ಅಲ್ಲವೇ ಎಂಬುದನ್ನು ಪ್ರತಿಯೊಂದು ಮಠವೂ ತನಗೆ ಬಂದ ಅನುದಾನ, ಖರ್ಚಾದ ರೀತಿ ಎರಡನ್ನೂ ಪ್ರಕಟಿಸಿದ್ದರೆ ಒಂದೇ ವಾರದಲ್ಲಿ ತೀರ್ಮಾನಿಸಬಹುದಿತ್ತು. ಹಾಗೆ ಪ್ರಕಟಿಸುವ ರೂಢಿ ಇರಲಿಲ್ಲ. ಆರೋಪ ಆರೋಪವಾಗಿಯೇ ಉಳಿಯಿತು.

‘ನಮ್ಮನ್ನು ಮಾತ್ರ ಯಾಕೆ, ಅವರನ್ನು ಕೇಳಿ’ ಎನ್ನುವ ಮಾತೂ ಇದೆ. ಎಲ್ಲರನ್ನೂ ಕೇಳಬೇಕು. 2012ರಲ್ಲಿ ರಾಜ್ಯ ಅಲ್ಪಸಂಖ್ಯಾತರ ಆಯೋಗದ ಅಧ್ಯಕ್ಷರಾಗಿ ಅನ್ವರ್ ಮಾಣಿಪ್ಪಾಡಿ ವಕ್ಫ್ ಆಸ್ತಿಗಳ ಕಬಳಿಕೆಯ ಬಗ್ಗೆ ಸರ್ಕಾರಕ್ಕೆ ವರದಿ ಕೊಟ್ಟರು. ಅವರು ನಮ್ಮ ಕರಾವಳಿಯವರೇ, ತಮ್ಮ ಸಮುದಾಯದ ಆಸ್ತಿಯ ಬಗ್ಗೆ ತಾವೇ ಕೇಳಿದರು. ಕೇಳಬೇಕಾದ ರೀತಿ ಅದು: ಒಳಗಿನವರು, ತಮ್ಮವರನ್ನು. ಮಠದ ಲೆಕ್ಕವನ್ನು ಮಠದ ಶಿಷ್ಯರು ಕೇಳಲಿ, ಚರ್ಚಿನದನ್ನು ಚರ್ಚಿನವರು ಕೇಳಲಿ. ಆಗ ಇದು ಯಾರ ಮೇಲೂ ದಾಳಿಯಾಗುವುದಿಲ್ಲ.

ಲೆಕ್ಕ ಬರೆಯುವುದೇ ಕಷ್ಟ ಎಂಬ ನೆಪಕ್ಕೂ ಜಾಗವಿಲ್ಲ. ಆದಾಯ ತೆರಿಗೆ ವಿನಾಯಿತಿ ಪಡೆಯುವ ಟ್ರಸ್ಟುಗಳು, ವರಮಾನ ಒಂದು ಮಿತಿ ದಾಟಿದರೆ, ಪ್ರತಿವರ್ಷ ಲೆಕ್ಕ ಪರಿಶೋಧಕರಿಂದ ತಪಾಸಣೆ ಮಾಡಿಸಲೇಬೇಕು. 2006ರಲ್ಲಿ ಬಂದ ನಿಯಮವೊಂದು ಇನ್ನೂ ಸೂಕ್ಷ್ಮವಾಗಿದೆ. ಹೆಸರಿಲ್ಲದ ದೇಣಿಗೆಗೆ ಶೇಕಡಾ 30 ತೆರಿಗೆ ಎಂದು ಅದು ಹೇಳುತ್ತದೆ. ಹುಂಡಿಯ ಕಾಣಿಕೆಗೆ ಹೆಸರು ಇರುವುದಿಲ್ಲವಾದ್ದರಿಂದ ಕೇವಲ ಧಾರ್ಮಿಕ ಸಂಸ್ಥೆಗಳಿಗೆ ವಿನಾಯಿತಿ ಕೊಡುತ್ತದೆ. ಆದರೆ ಧರ್ಮದ ಜೊತೆಗೆ ಶಾಲೆ, ಆಸ್ಪತ್ರೆ ನಡೆಸುವ ಟ್ರಸ್ಟಿಗೆ, ಶಾಲೆಗೆಂದೇ ಅಥವಾ ಆಸ್ಪತ್ರೆಗೆಂದೇ ಬಂದ ಹೆಸರಿಲ್ಲದ ದೇಣಿಗೆಯ ಮೇಲೆ ಆ ವಿನಾಯಿತಿ ಇಲ್ಲ. ದೇವರ ಹುಂಡಿಯೂ ಶಾಲೆಯ ಪೆಟ್ಟಿಗೆಯೂ ಒಂದೇ ಅಲ್ಲ ಎಂದು ತೆರಿಗೆ ಇಲಾಖೆಗೆ ಗೊತ್ತಾಗಿದೆ, ಭಕ್ತರಿಗೆ ಇನ್ನೂ ಗೊತ್ತಾಗಬೇಕಾಗಿದೆ. ಅಂದರೆ ಪರಿಶೋಧಿತ ಲೆಕ್ಕ ಈಗಲೇ ತಯಾರಿದೆ. ಅದು ಇಲಾಖೆಗೆ ಹೋಗುತ್ತದೆ, ಹಣ ಕೊಟ್ಟವನಿಗೆ ಬರುವುದಿಲ್ಲ, ಅಷ್ಟೇ. ಇಂಗ್ಲೆಂಡಿನಲ್ಲಿ ನೋಂದಾಯಿತ ಧರ್ಮಸಂಸ್ಥೆಗಳು ಅವುಗಳ ಮೇಲ್ವಿಚಾರಣೆಯ ಆಯೋಗಕ್ಕೆ ಸಲ್ಲಿಸುವ ವಾರ್ಷಿಕ ಲೆಕ್ಕವನ್ನು ಯಾರು ಬೇಕಾದರೂ ತೆರೆದು ಓದಬಹುದು. ಅಲ್ಲಿನ ಹಿಂದೂ ದೇವಸ್ಥಾನಗಳೂ ಇದಕ್ಕೆ ಹೊರತಲ್ಲ. ಅದರಿಂದ ಯಾವ ದೇವರಿಗೂ ಮೈಲಿಗೆಯಾಗಿಲ್ಲ.

2026ರ ಜನವರಿಯಿಂದ 2028ರ ಜನವರಿಯವರೆಗಿನ ಪರ್ಯಾಯ ಶಿರೂರು ಮಠದ್ದು. ಈ ಪೀಠಕ್ಕೆ 2021ರಲ್ಲಿ ಶ್ರೀ ವೇದವರ್ಧನತೀರ್ಥರು ಬಂದಾಗ ಅವರಿಗೆ ಹದಿನಾರರ ಹರೆಯ. ಅದು ಕಾನೂನುಬದ್ಧವೆಂದು ರಾಜ್ಯ ಹೈಕೋರ್ಟು ಹೇಳಿದೆ. ಎಂಟೂ ಮಠಗಳ ಶಿಷ್ಯರಲ್ಲಿ, ಹೊರೆಕಾಣಿಕೆ ಹೊತ್ತು ಬರುವ ಹಿರಿಯಡ್ಕ, ಕಾಪು, ಕಾರ್ಕಳದ ಊರವರಲ್ಲಿ ನನ್ನ ಕೋರಿಕೆ ಇಷ್ಟು. ಕೊಡುವುದನ್ನು ನಿಲ್ಲಿಸಬೇಡಿ. ಕೊಡುವಾಗ ಇದು ಪಾದಕಾಣಿಕೆಯೋ, ಮಠಕ್ಕೋ, ಶಾಲೆಗೋ ಎಂದು ಹೇಳಿ ಕೊಡಿ, ರಶೀದಿಯಲ್ಲಿ ಹಾಗೆಯೇ ಬರೆಯಿಸಿ. ಮಗುವಿನ ಶಾಲೆಗೆ ಕಟ್ಟಿದ ಪ್ರತಿಯೊಂದು ರೂಪಾಯಿಗೂ ರಶೀದಿ ಕೇಳಿ. ವರ್ಷಕ್ಕೊಮ್ಮೆ ಲೆಕ್ಕಪತ್ರವನ್ನು ಅಚ್ಚುಮಾಡಿ ಹಂಚಿ ಎಂದು ನಾಲ್ಕು ಜನ ಸೇರಿ ಪತ್ರ ಬರೆಯಿರಿ. ಕೇಳಿದರೂ ಕೊಡದ ಟ್ರಸ್ಟಿನ ವಿಷಯದಲ್ಲಿ, ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಮಿನ ಪ್ರಕಾರ, ಆ ಸಂಸ್ಥೆಯಲ್ಲಿ ಹಿತಾಸಕ್ತಿಯುಳ್ಳ ಯಾವುದೇ ಇಬ್ಬರು ನ್ಯಾಯಾಲಯದ ಅನುಮತಿ ಪಡೆದು ಲೆಕ್ಕಕ್ಕಾಗಿ ದಾವೆ ಹೂಡಬಹುದು. ಇಬ್ಬರು ಸಾಕು.